ಮೂರು ಭಾಗ, ಒಂದೇ ರಟ್ಟು

ರಟ್ಟಪ್ಪನಿಗೆ ಆ ಹೆಸರಿಟ್ಟವರು ಕಚೇರಿಯ ಗುಮಾಸ್ತರು. ಮೂವತ್ತಾರು ವರ್ಷ ಅವನು ಮಾಡಿದ್ದು ಒಂದೇ ಕೆಲಸ: ಹಳೆಯ ಕಾಗದಗಳನ್ನು ಒಟ್ಟಿ, ಅಂಚಿಗೆ ದಬ್ಬಳದಿಂದ ತೂತು ಹೊಡೆದು, ಮೇಣ ಸವರಿದ ದಾರದಲ್ಲಿ ಬಿಗಿದು, ರಟ್ಟು ಹಾಕುವುದು. ಅವನು ಹೊಲಿದ ಕಡತದಿಂದ ಒಂದು ಹಾಳೆ ಕಿತ್ತ ಗಂಡಸು ಇನ್ನೂ ಹುಟ್ಟಿಲ್ಲ. ಕಡತ ಇರಬೇಕಾದ್ದೂ ಹಾಗೆಯೇ. ಅದನ್ನು ಯಾರೂ ಓದುವುದಿಲ್ಲ, ಕದಿಯದಿದ್ದರೆ ಸಾಕು.

ಮನೆಯ ಗಾಜಿನ ಬೀರುವಿನಲ್ಲಿ ಅವನ ಕೈಕೆಲಸದ ಕಿರೀಟವೊಂದಿತ್ತು. ಹೆಂಡತಿ ತವರಿನಿಂದ ತಂದಿದ್ದ ಒಂದು ಕಾದಂಬರಿ. ಮೂರು ಭಾಗ, ಸಾವಿರದ ಮುನ್ನೂರ ನಲವತ್ತು ಪುಟ. ಹೊಸ ಗಂಡನ ಹುರುಪಿನಲ್ಲಿ ರಟ್ಟಪ್ಪ ಮೂರನ್ನೂ ಹೊತ್ತೊಯ್ದು ಒಂದೇ ರಟ್ಟಿನೊಳಗೆ ಕಡತದ ಹೊಲಿಗೆ ಹಾಕಿ, ಕೆಂಪು ಬಟ್ಟೆ ಹೊದಿಸಿ, ಬೆನ್ನಿಗೆ ಚಿನ್ನದ ಗೆರೆ ಎಳೆದು ತಂದುಕೊಟ್ಟಿದ್ದ. ಅಂದಿನಿಂದ ಮನೆಗೆ ಬಂದವರಿಗೆ ನೀರು ಕೊಡುವ ಮುಂಚೆ ಆ ಪುಸ್ತಕದ ದರ್ಶನ.

ಅವನು ನಿವೃತ್ತನಾದ ವರ್ಷ ಮಗಳ ಮಾವ, ಅಂದರೆ ಬೀಗರು, ಅದನ್ನು ಎರಡೂ ಕೈಯಲ್ಲಿ ತೂಗಿ ನೋಡಿ ಕೇಳಿದರು: "ತುಂಬಾ ಚೆನ್ನಾಗಿದೆ. ಕತೆ ಏನು?"

ರಟ್ಟಪ್ಪ ತಬ್ಬಿಬ್ಬಾದ. "ಕತೆ... ದೊಡ್ಡದಿದೆ" ಅಂದ.

"ಅದು ಕಾಣ್ತಾನೇ ಇದೆಯಲ್ಲ ಬೀಗರೇ" ಅಂದರು ಅವರು.

ಬೀಗರ ಮುಂದೆ ಮೂಗು ಕೊಯ್ಯಿಸಿಕೊಂಡ ಮೇಲೆ ಸುಮ್ಮನಿರುವುದುಂಟೇ? ಮಾರನೇ ದಿನವೇ ಹೊಸ ಕನ್ನಡಕ ಏರಿಸಿ ಓದಲು ಕೂತ. ಅಲ್ಲಿಂದ ಶುರುವಾಯಿತು ನೋಡಿ ಕುಸ್ತಿ.

ಮೇಜಿನ ಮೇಲಿಟ್ಟರೆ ಪುಸ್ತಕ ತೆರೆದುಕೊಳ್ಳದು. ಎರಡೂ ಕೈಯಿಂದ ಅದುಮಿ ಹಿಡಿದರೆ ಹಾಳೆ ತಿರುಗಿಸಲು ಮೂರನೇ ಕೈ ಬೇಕು. ಒಂದು ಕೈ ತೆಗೆದರೆ ಸಾಕು, ಇಲಿಬೋನಿನ ಹಾಗೆ ಪಟ್ಟನೆ ಮುಚ್ಚಿ ಹೆಬ್ಬೆರಳು ಕಚ್ಚುವುದು. ತೊಡೆಯ ಮೇಲಿಟ್ಟುಕೊಂಡರೆ ಹತ್ತು ನಿಮಿಷಕ್ಕೆ ಕಾಲು ಜೋಮು. ಮಗ್ಗುಲಾಗಿ ಮಲಗಿ ಓದಿದರೆ ಎಡಪುಟ ಮೇಲಕ್ಕೆ, ಬಲಪುಟ ಕೆಳಕ್ಕೆ, ಎತ್ತು ಏರಿಗೆ ಎಳೀತು ಕೋಣ ನೀರಿಗೆ ಎಳೀತು. ಅಂಗಾತ ಮಲಗಿ ಎದೆಯ ಮೇಲೆ ನಿಲ್ಲಿಸಿಕೊಂಡ ದಿನ ಜೊಂಪು ಹತ್ತಿತು. ಮೂರು ಕಿಲೋ ಭಾರ ಮೂಗಿನ ಮೇಲೆ ಧೊಪ್ಪನೆ ಬಿತ್ತು. ಹೊಸ ಕನ್ನಡಕದ ಒಂದು ಕಾಲು ಮುರಿಯಿತು.

ಇಷ್ಟೆಲ್ಲ ಸೈರಿಸಿದರೂ ಎಡಪುಟದಲ್ಲಿ ಸಾಲಿನ ಕೊನೆಯ ಎರಡು ಮಾತು, ಬಲಪುಟದಲ್ಲಿ ಮೊದಲ ಎರಡು ಮಾತು ಹೊಲಿಗೆಯ ಸಂದಿಯಲ್ಲಿ ಮಾಯ. ಒಂದು ಕಣ್ಣು ಮುಚ್ಚಿ, ಪಾಳುಬಾವಿಗೆ ಇಣುಕುವವನಂತೆ ಇಣುಕಬೇಕು. ಕತೆಯ ಹುಡುಗಿ ತನ್ನ ಕೈ ಹಿಡಿದ ಹುಡುಗನಿಗೆ ಹೂಂ ಅಂದಳೋ ಊಹೂಂ ಅಂದಳೋ ತಿಳಿಯಲು ಕಾಲು ಗಂಟೆ ಹಿಡಿಯಿತು.

"ಇದನ್ನ ಹೊಲಿದವನ ಕೈಗೆ ಹುಳ ಬೀಳ!" ಅಂತ ಒಂದು ಮಧ್ಯಾಹ್ನ ಕೂಗಿಬಿಟ್ಟ.

ಅಡುಗೆಮನೆಯಿಂದ ಹೆಂಡತಿ ಅಂದಳು, "ಬಿಡ್ತು ಅನ್ನಿ. ಆ ಕೈಯೇ ನನಗೆ ತಾಳಿ ಕಟ್ಟಿದ್ದು."

ಇಪ್ಪತ್ತನೇ ದಿನಕ್ಕೆ ಮಣಿಕಟ್ಟು ಬೂರುಗದ ಕಾಯಿಯಂತೆ ಊದಿತು. ಕೀಲುನೋವಿನ ಡಾಕ್ಟರು ಒತ್ತಿ ನೋಡಿ, "ಏನು ಎತ್ತಿದ್ರಿ ಯಜಮಾನ್ರೇ? ಸಿಲಿಂಡರಾ?" ಅಂದರು.

"ಕಾದಂಬರಿ."

"ಎಷ್ಟು ಓದಿದ್ರಿ?"

"ನೂರಾ ಹನ್ನೆರಡು ಪುಟ."

ಡಾಕ್ಟರು ಪಟ್ಟಿ ಸುತ್ತುತ್ತಾ, "ಉಳಿದದ್ದನ್ನ ಯಾರನ್ನಾದ್ರೂ ಕೇಳಿ ತಿಳ್ಕೊಳ್ಳಿ" ಅಂದರು.

ಬುದ್ಧಿಮಾತು ಸರಿಯೇ ಇತ್ತು. ಮನೆಗೆ ಬಂದವನೇ ಹೆಂಡತಿಯ ಪಕ್ಕ ಕೂತು, ಸೋಲು ಒಪ್ಪಿಕೊಳ್ಳುವ ದನಿಯಲ್ಲಿ ಕೇಳಿದ: "ನೀನು ಓದಿದ್ದೀಯಲ್ಲೇ. ಕತೇಲಿ ಆ ಹಿರೀ ಅಕ್ಕ ಮನೆ ಬಿಟ್ಟು ಹೋಗ್ತಾಳಲ್ಲ, ವಾಪಸ್ ಬರ್ತಾಳಾ?"

"ನನಗೇನು ಗೊತ್ತು?"

"ತವರಿಂದ ತಂದವಳು ನೀನು!"

"ಎರಡು ಭಾಗ ಓದಿದ್ದೆ. ಅಕ್ಕ ಆಗಷ್ಟೇ ರೈಲಿಳಿದಿದ್ಲು. ಮೂರನೇದು ತಗೊಳ್ಳೋಣ ಅಂತ ಬಂದ್ರೆ ಕಪಾಟು ಖಾಲಿ. ನೀವು ಮೂರನ್ನೂ ಕಚೇರಿಗೆ ಹೊತ್ಕೊಂಡು ಹೋಗಿದ್ರಿ."

"ವಾರಕ್ಕೆ ತಂದುಕೊಟ್ಟೆನಲ್ಲ?"

"ತಂದ್ರಿ. ಕಲ್ಲು ತಂದ ಹಾಗೆ ತಂದ್ರಿ. ನಾಲ್ಕು ಸಲ ತೆರೆದೆ. ಒಂದು ಸಲ ಮಗಳು ಹೊಟ್ಟೇಲಿದ್ಲು, ಹೊಟ್ಟೆ ಮೇಲಿಡೋಕೆ ಆಗ್ಲಿಲ್ಲ. ಆಮೇಲೆ ಬೆರಳು ಹೋಯ್ತು." ಅಂಗಿ ಕಾರ್ಖಾನೆಯಲ್ಲಿ ಇಪ್ಪತ್ತೈದು ವರ್ಷ ಗುಂಡಿಗೆ ಕಾಜಾ ಹೊಲಿದ ಅವಳ ಬೆರಳುಗಳು ಗಂಟುಗಂಟಾಗಿ ಸೊಟ್ಟಗಾಗಿದ್ದವು. ಚಹಾದ ಲೋಟವನ್ನೂ ಎರಡು ಕೈಯಲ್ಲೇ ಹಿಡಿಯುತ್ತಿದ್ದಳು.

"ಬಾಯಿಗೆ ಬೀಗ ಹಾಕಿತ್ತಾ? ಒಂದು ಮಾತು ಹೇಳಬಾರದಿತ್ತಾ?"

"ಯಾವಾಗ ಹೇಳ್ಲಿ? ಬಂದೋರ ಮುಂದೆಲ್ಲ ಕೂಸಿನ ಹಾಗೆ ಎತ್ಕೊಂಡು ಮೆರೀತಿದ್ರಿ. ಅದು ನನಗೆ ಉಪಯೋಗಕ್ಕೆ ಬರ್ಲಿಲ್ಲ ಅಂದ್ರೆ ನೀವು ಮೂರು ದಿನ ಊಟ ಬಿಡ್ತಿದ್ರಿ."

ಸುಳ್ಳಲ್ಲವಾದ್ದರಿಂದ ಅವನಿಗೆ ಇನ್ನಷ್ಟು ಸಿಟ್ಟು ಬಂತು. "ತಗೋ, ಈಗ್ಲೇ ಓದಿ ಹೇಳ್ತೀನಿ" ಅಂತ ಮೂರನೇ ಭಾಗ ಹುಡುಕಿ, ಊದಿದ ಕೈಯಲ್ಲೇ ಅದುಮಿ ಹಿಡಿದು ದೊಡ್ಡದಾಗಿ ಓದತೊಡಗಿದ.

ಎರಡು ಪುಟಕ್ಕೇ ಅವಳು, "ಮಾತು ನುಂಗಬೇಡಿ" ಅಂದಳು.

"ನಾನು ನುಂಗ್ತಿಲ್ಲ, ಪುಸ್ತಕ ನುಂಗ್ತಿದೆ!"

"ನಡುನಡುವೆ 'ಥೂ ಇವನ' ಅನ್ನೋದು ಕತೇಲಿದೆಯೋ, ನಿಮ್ಮದೋ?"

"ನಂದು."

"ಸಾಕು ಬಿಡಿ." ಅವಳು ಮುಖ ತಿರುಗಿಸಿದಳು. "ನನಗೆ ಕೇಳಬೇಕಿಲ್ಲ ರೀ, ಓದಬೇಕು. ನನ್ನ ಪಾಡಿಗೆ, ಬೇಕಾದಲ್ಲಿ ನಿಂತ್ಕೊಂಡು. ಆಗಲ್ಲ ಅಂದ್ರೆ ಬೀರುವಿಗೇ ಇಟ್ಟುಬಿಡಿ, ಇಷ್ಟು ವರ್ಷ ಇರಲಿಲ್ವಾ."

ಬಿಸಿತುಪ್ಪದಂಥ ಮಾತು. ನುಂಗುವಂತಿಲ್ಲ, ಉಗುಳುವಂತಿಲ್ಲ. ಎರಡು ದಿನ ರಟ್ಟಪ್ಪ ಮನೆಯಲ್ಲಿ ಪಾತ್ರೆ ಪಗಡೆಗೆಲ್ಲ ಬೈದುಕೊಂಡು ಓಡಾಡಿದ. ಮೂರನೇ ದಿನ ಬೆಳಿಗ್ಗೆ ಹಾಲ್‌ನಲ್ಲಿ ಚಾಪೆ ಹಾಸಿ, ಪುಸ್ತಕವನ್ನು ಬೋರಲು ಕೆಡವಿ, ಚೂರಿ ತೆಗೆದ.

ಬಟ್ಟೆ ಸುಲಿಯುವಾಗ ಚಿನ್ನದ ಗೆರೆ ಹೊಟ್ಟಿನಂತೆ ಉದುರಿತು. ಅವನು ಆ ಕಡೆ ನೋಡಲಿಲ್ಲ. ಹೊಲಿಗೆ ಮಾತ್ರ ಜಪ್ಪಯ್ಯ ಅಂದರೂ ಬಿಚ್ಚಲಿಲ್ಲ. ಚೂರಿಯ ತುದಿ ಮುರಿಯಿತು. ದಾರದ ಒಂದೊಂದು ಕುಣಿಕೆಗೂ ಬೆವರು ಸುರಿಸಬೇಕಾಯಿತು. "ಯಾವ ರಾಕ್ಷಸ ಹೊಲಿದ್ನೋ" ಅಂತ ಬೈಯುವನು, ಬೈದ ಮರುಕ್ಷಣ, "ನೋಡೇ, ಒಂದು ಎಳೆ ಸಡಿಲ ಆಗಿಲ್ಲ!" ಅಂತ ಅವಳಿಗೆ ತೋರಿಸುವನು.

"ಹೊಗಳಿಕೊಂಡಿದ್ದು ಸಾಕು, ಬಿಚ್ಚಿ" ಅನ್ನುವಳು ಅವಳು.

ಸಂಜೆಯ ಹೊತ್ತಿಗೆ ಪುಸ್ತಕ ಹಾಳೆಯ ಮಡಿಕೆಗಳಾಗಿ ಚಾಪೆಯ ತುಂಬ ಹರಡಿತ್ತು. ಅಂಚಿನಲ್ಲಿ ಅಷ್ಟು ವರ್ಷ ಹೂತುಹೋಗಿದ್ದ ಮಾತುಗಳೆಲ್ಲ ಹೊರಗೆ ಬಂದಿದ್ದವು. ಅಲ್ಲಲ್ಲಿ ಒಂದೊಂದು ಅಕ್ಷರದ ಮೇಲೆ ದಬ್ಬಳದ ತೂತು. ಆ ತೂತುಗಳ ಮೇಲೆ ಅವನು ಒಂದೊಂದಾಗಿ ಬೆರಳಾಡಿಸಿದ.

ಆಮೇಲೆ ನಾಲ್ಕು ದಿನ ಹೊಸ ಕೆಲಸ. ಅಂಚಿಗಲ್ಲ, ಮಡಿಕೆಯ ನಡುವಿಗೇ ಸೂಜಿ ಹಾಕಿ, ತೆಳ್ಳಗಿನ ದಾರದಲ್ಲಿ ಹಗುರವಾಗಿ ಹೊಲಿದ. ರಟ್ಟು ಹಾಕದೆ ದಪ್ಪ ಕಾಗದ ಅಂಟಿಸಿದ. ಕಚೇರಿಯಲ್ಲಿ ಯಾರಾದರೂ ಇಂಥ ಹೊಲಿಗೆ ಹಾಕಿದ್ದರೆ ಅವನೇ ಅವರನ್ನು ಕೆಲಸದಿಂದ ತೆಗೆಸುತ್ತಿದ್ದ. ಎಂಟು ಪುಸ್ತಕವಾದವು. ಒಂದೊಂದೂ ತೆಳ್ಳಗೆ, ತೆರೆದಿಟ್ಟರೆ ಅಂಗೈ ಚಾಚಿದ ಹಾಗೆ ಮಲಗುವಂಥದ್ದು. ನೋಡಲು ಒಂದಕ್ಕೂ ಲಕ್ಷಣವಿಲ್ಲ.

ಹೆಂಡತಿ ಮೂರನೇ ಭಾಗ ಶುರುವಾಗುವ ಆರನೆಯದನ್ನು ತೆಗೆದುಕೊಂಡು ಕಿಟಕಿಯ ಪಕ್ಕ ಕೂತಳು. ಸೊಟ್ಟ ಬೆರಳುಗಳ ಮೇಲೆ ಅದನ್ನು ಇಟ್ಟುಕೊಂಡು, ಕಿರುಬೆರಳ ತುದಿಯಿಂದ ಒಂದು ಹಾಳೆ ತಿರುಗಿಸಿದಳು. ಆಮೇಲೆ ಇನ್ನೊಂದು.

ರಟ್ಟಪ್ಪ ಎದುರಿಗೆ ನಿಂತು ಕಾದ. ಕೆಮ್ಮಿದ. ಕೊನೆಗೆ ತಾನೇ ಕೇಳಿದ: "ಹೊಲಿಗೆ ಹೇಗಿದೆ?"

"ಹಾಂ?"

"ಹೊಲಿಗೆ, ಹೊಲಿಗೆ! ಕೈಗೆ ಭಾರ ಇದೆಯಾ?"

"ಸುಮ್ನಿರಿ ರೀ, ಅಕ್ಕ ಬಾಗಿಲು ತಟ್ತಿದ್ದಾಳೆ."

"ತೆಗೆದ್ರಾ?"

ಹಾಳೆ ತಿರುಗಿತು. ಅವನು ಗೊಣಗುತ್ತಾ, ಪಟ್ಟಿ ಸುತ್ತಿದ ಕೈಯಲ್ಲೇ ಚಹಾಕ್ಕೆ ನೀರಿಡಲು ಒಳಗೆ ಹೋದ.