ಹುಣಸೆಮರದಿಂದ ಇಟ್ಟಿಗೆಗೂಡಿನವರೆಗೆ

ಕೊಡಿಗೇಹಳ್ಳಿ ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಲ್ಲಿಸಿಕೊಂಡಿದ್ದೆ. ದೀಪ ಬದಲಾದದ್ದೇ ತಡ, ಬಲಗೈ ಎತ್ತಿ ಬೆರಳು ತೋರಿಸಿ "ಹಸಿರು!" ಎಂದು ಕೂಗಿಬಿಟ್ಟೆ. ಪಕ್ಕದ ಆಟೋದವರು ಕತ್ತು ಹೊರಗೆ ಹಾಕಿ, "ಗೊತ್ತಾಯ್ತು ಮೇಡಂ, ನಮಗೂ ಕಣ್ಣಿದೆ ಕಣ್ರೀ" ಎಂದರು. ನಾಚಿಕೆಯಿಂದ ಗಾಡಿ ಎಳೆದುಕೊಂಡು ಹೋದೆ. ಮುಂದಿನ ಸಿಗ್ನಲ್ಲಿನಲ್ಲಿ ಮತ್ತೆ ಕೂಗಿದೆ.

ಏನು ಮಾಡಲಿ, ನನ್ನ ಕೆಲಸವೇ ಅದು. ನಾನು ರೈಲಿನ ಸಹಾಯಕ ಚಾಲಕಿ. ಇಂಜಿನ್ನಿನ ಕ್ಯಾಬಿನಲ್ಲಿ ಇಬ್ಬರು ಇರುತ್ತೇವೆ, ಎಡಕ್ಕೆ ಚಾಲಕರು, ಬಲಕ್ಕೆ ನಾನು. ಸಿಗ್ನಲ್ ಯಾರಿಗೆ ಮೊದಲು ಕಾಣುತ್ತದೋ ಅವರು ಕೈ ಎತ್ತಿ ಬಣ್ಣ ಕೂಗಬೇಕು, ಇನ್ನೊಬ್ಬರು ತಾವೂ ನೋಡಿ ಅದನ್ನೇ ತಿರುಗಿ ಕೂಗಬೇಕು. ಕಂಡರೆ ಸಾಲದು, ಕಂಡದ್ದು ಬಾಯಲ್ಲಿ ಬರಬೇಕು. ಬಾಯಿ ಸುಮ್ಮನಾದರೆ ಕಣ್ಣು ಮುಚ್ಚಿದೆ ಎಂದೇ ಲೆಕ್ಕ. ಹೊರಗಿನವರು ನೋಡಿದರೆ ಇಬ್ಬರಿಗೂ ತಲೆ ಕೆಟ್ಟಿದೆ ಅನ್ನಬೇಕು, ಹಾಗೆ ದಾರಿಯುದ್ದಕ್ಕೂ ಕೂಗಿಕೊಂಡು ಹೋಗುತ್ತೇವೆ.

ಮೊದಲ ಕೆಲವು ವರ್ಷ ನನಗೆ ಸಿಕ್ಕಿದ್ದು ಗೂಡ್ಸು ಗಾಡಿಗಳು. ಸಿಮೆಂಟು, ಅಕ್ಕಿ, ಕಲ್ಲಿದ್ದಲು. ಅವು ನಿಲ್ಲು ಎಂದ ಕಡೆ ನಿಂತು, ಹೋಗು ಎಂದಾಗ ಹೋಗುವ ಬಡಪಾಯಿಗಳು. ಎಲ್ಲ ಗಾಡಿಗೂ ದಾರಿ ಬಿಟ್ಟುಕೊಡುವುದೇ ಅವುಗಳ ಹಣೆಬರಹ. ಹಾಗಿರುವಾಗ ಒಂದು ದಿನ ಯಶವಂತಪುರದಿಂದ ಮಧ್ಯಾಹ್ನ ಹೊರಡುವ ದೆಹಲಿ ಗಾಡಿಗೆ ನನ್ನನ್ನು ಹಾಕಿದರು. ನನಗೆ ಆದ ಸಂತೋಷ ಇಷ್ಟಿಷ್ಟಲ್ಲ. ಡಿಪೋದ ಮೆಟ್ಟಿಲು ಎರಡೆರಡು ಹಾರಿಕೊಂಡು ಇಳಿದೆ.

ಮನೆಯಲ್ಲಿ ವಿಷಯ ಹೇಳಿದ್ದೇ ತಪ್ಪಾಯಿತು. ಇಡೀ ಬೀದಿ, ಅಟ್ಟೂರಿನ ನೆಂಟರು, ಎಲ್ಲರೂ ನಾನು ದೆಹಲಿಗೆ ಹೋಗಿಬರುತ್ತೇನೆ ಎಂದುಕೊಂಡರು. ಒಬ್ಬರಿಗೆ ಸ್ವೆಟರ್ ಬೇಕು, ಇನ್ನೊಬ್ಬರಿಗೆ ರಜಾಯಿ ಬೇಕು. ಗಾಡಿ ದೆಹಲಿಗೆ ಹೋಗುತ್ತದೆ, ನಾನು ಹೋಗುವುದು ಧರ್ಮಾವರದವರೆಗೆ ಎಂದರೆ ಒಬ್ಬರೂ ನಂಬಲಿಲ್ಲ. ದೂರದ ಗಾಡಿ ಓಡುವುದೇ ಹಾಗೆ. ಪ್ರಯಾಣಿಕರು ಅವರೇ, ಬೋಗಿಗಳು ಅವೇ, ಇಂಜಿನ್ನಿನಲ್ಲಿ ಕೂತವರು ಮಾತ್ರ ಕೆಲವು ಗಂಟೆಗೊಮ್ಮೆ ಬದಲಾಗುತ್ತಾರೆ. ನಾವು ಇಳಿಯುತ್ತಿದ್ದ ಹಾಗೆ ಹೊಸಬರು ಹತ್ತುತ್ತಾರೆ. "ಬ್ರೇಕ್ ಚೆನ್ನಾಗಿದೆ, ಎಡಗಡೆ ವೈಪರ್ ಅಳುತ್ತೆ" ಎಂದು ಹೇಳಿ ಕೈಗೆ ಕೊಟ್ಟು ಹೋಗುತ್ತೇವೆ. ನನ್ನ ಪಾಲಿಗೆ ಬಂದದ್ದು ಯಶವಂತಪುರದಿಂದ ಧರ್ಮಾವರ. ಆದರೇನು, ಅಷ್ಟು ದೂರ ನನ್ನದೇ!

ಆ ದಾರಿಯಲ್ಲೇ ನಮ್ಮ ಊರೂ ಇದೆ. ಯಲಹಂಕ ದಾಟಿ ರಾಜಾನುಕುಂಟೆ ಕಡೆಗೆ ಹೋಗುವಾಗ ಹಳಿಯ ಎಡಕ್ಕೆ ಸಿಗುತ್ತದೆ. ಈಗ ಊರೆಂದರೆ ಬಡಾವಣೆ. ಹೊಲಗಳೆಲ್ಲ ಸೈಟಾಗಿ, ಸೈಟುಗಳೆಲ್ಲ ನಾಲ್ಕಂತಸ್ತಾಗಿ, ಉಳಿದದ್ದು ಹಳಿಯ ಆಚೆಗಿನ ಒಂದು ತುಂಡು ಹೊಲ. ಅಲ್ಲಿ ನಮ್ಮಜ್ಜಿ ಅವರೆ ಹಾಕುತ್ತಾಳೆ. ಅಪ್ಪನ ಅಮ್ಮ ಅವಳು, ಎಂಬತ್ತರ ಹತ್ತಿರ ವಯಸ್ಸು, ಕೈಯಲ್ಲೊಂದು ಕೋಲು, ಬಾಯಿ ಮಾತ್ರ ಇನ್ನೂ ಹದಿನೆಂಟರದು. ಮೊದಲು ಹೊಲಕ್ಕೆ ಹೋಗಲು ಗೇಟಿತ್ತು. ಗೇಟು ಮುಚ್ಚಿ, ಸುಮಾರು ದೂರದಲ್ಲಿ ಅಂಡರ್‌ಪಾಸ್ ಮಾಡಿದರು. ಅದು ಒಂದು ಮಳೆ ಬಂದರೆ ಕೆರೆ. ಅಜ್ಜಿ ಅದನ್ನು ಒಂದು ಸಲ ನೋಡಿ, "ಇದ್ರಾಗೆ ಮೀನ್ ಬಿಡ್ಲಿ" ಎಂದು ಹೇಳಿ, ಹಳೆಯ ಅಭ್ಯಾಸದಂತೆ ಹಳಿ ದಾಟಿಯೇ ಹೋಗಿಬರುತ್ತಿದ್ದಳು.

ಈ ಹಳಿಯ ಎಲ್ಲ ಅವತಾರಗಳನ್ನೂ ಕಂಡವಳು ಅವಳು. ಮದುವೆಯಾಗಿ ಬಂದಾಗ ಇದ್ದದ್ದು ಮೀಟರ್ ಗೇಜಿನ ಕಿರಿದಾದ ಹಳಿ, ಕಲ್ಲಿದ್ದಲಿನ ಇಂಜಿನ್ನು. ಒಣಹಾಕಿದ ಬಟ್ಟೆಗೆಲ್ಲ ಮಸಿ. ಗಾಡಿ ಏದುಸಿರು ಬಿಡುತ್ತಾ ಬರುವಾಗ ಅವಳ ಅತ್ತೆ ಬುಟ್ಟಿ ತುಂಬ ಅವರೆಕಾಯಿ ಎತ್ತಿ ಹಿಡಿಯುತ್ತಿದ್ದರಂತೆ. ಚಾಲಕ ಗಾಡಿಯನ್ನು ನಡಿಗೆಯ ವೇಗಕ್ಕೆ ಇಳಿಸಿ, ಬಗ್ಗಿ ಬುಟ್ಟಿ ತೆಗೆದುಕೊಂಡು, ಬದಲಿಗೆ ಎರಡು ಹೆಂಟೆ ಕಲ್ಲಿದ್ದಲು ಎಸೆದು ಹೋಗುತ್ತಿದ್ದನಂತೆ. ಆಮೇಲೆ ಹಳಿ ಕಿತ್ತು ಅಗಲ ಮಾಡಿದರು. ಡೀಸೆಲ್ ಬಂತು. ಪಕ್ಕದಲ್ಲೇ ಇನ್ನೊಂದು ಹಳಿ ಬಂತು. ತಲೆಯ ಮೇಲೆ ತಂತಿ ಬಂತು, ಹೊಗೆ ಹೋಯಿತು, ಸದ್ದೂ ಹೋಯಿತು. ದಿನಗಟ್ಟಲೆ ದೂರದ ಊರುಗಳಿಗೆ ಹೋಗುವ ಗಾಡಿಗಳು ನಮ್ಮ ಹಿತ್ತಲನ್ನು ಕ್ಷಣದಲ್ಲಿ ದಾಟಿಹೋಗತೊಡಗಿದವು. ಅಜ್ಜಿ ಮಾತ್ರ ದಾಟುವ ಜಾಗ ಬದಲಿಸಲಿಲ್ಲ.

ಹೊಸ ದಾರಿಯಲ್ಲಿ ಗಾಡಿ ಓಡಿಸುವ ಮೊದಲು ದಾರಿ ಕಲಿಯಬೇಕು. ಯಾವ ಸಿಗ್ನಲ್ ಎಲ್ಲಿ, ಎಲ್ಲಿ ತಿರುವು, ಎಲ್ಲಿ ಏರು, ಎಲ್ಲಿ ವೇಗ ಇಳಿಸಬೇಕು ಎಲ್ಲವೂ ಬಾಯಿಪಾಠ ಆಗಬೇಕು. ಕಲಿತೆ ಎಂದು ಸಹಿ ಹಾಕಿದ ಮೇಲೆಯೇ ಗಾಡಿ. ನಾನು ತಾರಸಿಯ ಮೇಲೆ ಅತ್ತಿತ್ತ ಓಡಾಡುತ್ತಾ, ಕೈ ಎತ್ತಿ ಎತ್ತಿ ಕೂಗುತ್ತಾ ಉರು ಹೊಡೆದೆ. ಅಜ್ಜಿ ಮೂಲೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಾ ಕೇಳಿಸಿಕೊಳ್ಳುತ್ತಿದ್ದಳು. ನಾಲ್ಕು ದಿನದಲ್ಲಿ ಅವಳಿಗೇ ಪಾಠ ಬಂತು.

"ಡಿಸ್ಟೆಂಟು, ಆಮೇಲೆ ಓಮು, ಆಮೇಲೆ ಸ್ಟಾಟ್ರು" ಎಂದು ಸಿಗ್ನಲ್ಲುಗಳ ಹೆಸರನ್ನೆಲ್ಲ ನನಗಿಂತ ಮೊದಲೇ ಸಾಲಾಗಿ ಹೇಳಿ, "ನಮ್ಮೂರು ಮುಂದ್ಲ ಕಂಬ ಬಿಟ್ಯಲ್ಲೇ. ಉಣ್ಸೆಮರ ದಾಟಿದ್ಮೇಲೆ ಒಂದು ಐತೆ ನೋಡು" ಎನ್ನುತ್ತಿದ್ದಳು. ನಿಜಕ್ಕೂ ನಾನು ಅದನ್ನು ಬಿಟ್ಟಿದ್ದೆ.

"ಯಾವ್ ಕಡೆ ಕೂತ್ಕೋತೀಯ?" ಎಂದು ಒಂದು ದಿನ ಕೇಳಿದಳು.

"ಬಲಗಡೆ."

"ಅಂಗಾದ್ರೆ ಈ ಕಡಿಂದ ನೀನ್ ಕಾಣಾಕಿಲ್ಲ" ಎಂದಳು. ನಾನು ಆ ಮಾತಿಗೆ ಕಿವಿ ಕೊಡಲಿಲ್ಲ. ಕೊಡಬೇಕಿತ್ತು.

ಮೊದಲ ದಿನ. ಯಶವಂತಪುರದ ಪ್ಲಾಟ್‌ಫಾರಂ ತುಂಬ ಟ್ರಂಕು, ಮಕ್ಕಳು, ಚಪಾತಿ ಡಬ್ಬಿ, ಮನೆಗೆ ಹೊರಟ ಸೈನಿಕರು. ನಮ್ಮ ಚಾಲಕರು ಹಿಂದೂಪುರದವರು, ತಲೆ ನರೆತ ಶಾಂತ ಮನುಷ್ಯ, ನಾನು ಸರ್ ಎನ್ನುತ್ತಿದ್ದೆ. ಹಿಂದೆ ಗಾರ್ಡು ಹಸಿರು ಬಾವುಟ ಬೀಸಿದರು. "ಸ್ಟಾರ್ಟರ್ ಹಸಿರು!" ಎಂದೆ. "ಹಸಿರು!" ಎಂದರು ಸರ್. ಇಪ್ಪತ್ತಕ್ಕೂ ಹೆಚ್ಚು ಬೋಗಿಗಳು ಒಂದೊಂದೇ ಬಿಗಿಯಾಗಿ, ಸದ್ದಿಲ್ಲದೆ ನಮ್ಮ ಬೆನ್ನಿಗೆ ಬಂದವು. ಗೂಡ್ಸಿನಲ್ಲಿ ಇದ್ದದ್ದು ಭಾರ ಅಷ್ಟೆ. ಇಲ್ಲಿ ನನ್ನ ಬೆನ್ನ ಹಿಂದೆ ಒಂದು ಊರೇ ಕೂತಿತ್ತು! ಲೊಟ್ಟೆಗೊಲ್ಲಹಳ್ಳಿ ಹಸಿರು, ಕೊಡಿಗೇಹಳ್ಳಿ ಹಸಿರು. ಮೊನ್ನೆ ಮೊನ್ನೆಯವರೆಗೆ ನಮ್ಮನ್ನು ಬದಿಗೆ ಹಾಕಿ ಕಾಯಿಸುತ್ತಿದ್ದ ಯಲಹಂಕ ಈ ದಿನ ತಾನೇ ದಾರಿ ಬಿಟ್ಟು ಕೂತಿತ್ತು. ಕೂಗಿ ಕೂಗಿ ನನ್ನ ಗಂಟಲು ಹೋಗಿತ್ತು.

"ಸ್ವಲ್ಪ ನಿಧಾನ ಕೂಗಮ್ಮ, ಧರ್ಮಾವರ ಇನ್ನೂ ದೂರ ಇದೆ" ಎಂದು ಸರ್ ನಕ್ಕರು.

ಹುಣಸೆಮರ ಕಂಡಿತು. ನಮ್ಮ ತಾರಸಿಯ ಮೇಲೆ ಮನೆಯವರೆಲ್ಲ ನಿಂತಿರುತ್ತಾರೆ ಎಂದು ಎಡಕ್ಕೆ ಕಣ್ಣು ಹಾಯಿಸಿದೆ. ಇದ್ದರು. ಅಜ್ಜಿ ಇರಲಿಲ್ಲ.

ಅಜ್ಜಿ ಹಳಿಯ ಮೇಲಿದ್ದಳು.

ನೇರಳೆ ಬಣ್ಣದ ಸೀರೆ, ತಲೆಯ ಮೇಲೆ ಬುಟ್ಟಿ, ಕೋಲು ಊರಿಕೊಂಡು ಎಡದಿಂದ ಬಲಕ್ಕೆ ದಾಟುತ್ತಿದ್ದಳು. ಸರ್ ಹಾರ್ನ್ ಒತ್ತಿ ಹಿಡಿದರು, ಅದೇ ಗಳಿಗೆಯಲ್ಲಿ ಎಮರ್ಜೆನ್ಸಿ ಬ್ರೇಕ್ ಎಳೆದರು. ಹಾರ್ನ್ ಕೇಳಿ ಅಜ್ಜಿ ತಿರುಗಿ ನೋಡಿದಳು. ಓಡಲಿಲ್ಲ. ಹೆಜ್ಜೆ ಸಹ ಚುರುಕು ಮಾಡಲಿಲ್ಲ. ನಾನು ಗಾಜಿಗೆ ಮುಖ ಒತ್ತಿ "ಓಡೇ! ಓಡೇ!" ಎಂದು ಕಿರುಚುತ್ತಿದ್ದೆ. ಅವಳು ಸಾವಕಾಶವಾಗಿ ಹಳಿ ಇಳಿದು, ಪಕ್ಕದ ಹಳಿಯನ್ನೂ ದಾಟಿ, ನಿಂತು, ಬುಟ್ಟಿಯನ್ನು ಎರಡೂ ಕೈಯಲ್ಲಿ ನನ್ನ ಕಡೆಗೆ ಎತ್ತಿ ಹಿಡಿದಳು. ಅಷ್ಟರಲ್ಲಿ ನಾವು ಅವಳ ಮುಂದೆ ಹಾದುಹೋದೆವು. ನನ್ನ ಕಿಟಕಿಯಿಂದ ಕಂಡದ್ದು ಅವಳ ಮುಖ. ಅವಳು ನಗುತ್ತಿದ್ದಳು.

ಗಾಡಿ ಕಿರುಗುಟ್ಟುತ್ತಾ ಹೋಗಿ ಹೋಗಿ ಹಳೆಯ ಇಟ್ಟಿಗೆಗೂಡಿನ ಎದುರು ನಿಂತಿತು. ವಾಕಿಟಾಕಿಯಲ್ಲಿ ಗಾರ್ಡು ಏನಾಯಿತು ಎಂದು ಕೇಳಿದರು. "ಯಾರೋ ದಾಟಿದ್ರು. ಉಳ್ಕೊಂಡ್ರು" ಎಂದರು ಸರ್. ನನ್ನ ಮುಖ ನೋಡಿ ಕೇಳಿದರು, "ಗೊತ್ತಿರೋರಾ ಅಮ್ಮ?"

"ನಮ್ಮಜ್ಜಿ, ಸರ್."

ಅವರು ನೀರಿನ ಬಾಟಲಿ ನನ್ನ ಕೈಗೆ ಕೊಟ್ಟರು. ಬ್ರೇಕಿಗೆ ಮತ್ತೆ ಗಾಳಿ ತುಂಬಿ ಅದು ಸಡಿಲವಾಗುವವರೆಗೂ ಕಾದರು. ಆಮೇಲೆ, "ಮುಂದಿನ ಸಿಗ್ನಲ್ ಕೂಗಮ್ಮ" ಎಂದರು. ಕೂಗಿದೆ. ದನಿ ನನ್ನದಲ್ಲ ಅನ್ನಿಸಿತು, ಆದರೂ ಕೂಗಿದೆ. ಮಾಕಳಿದುರ್ಗದ ತಿರುವುಗಳಲ್ಲಿ ಕೂಗಿದೆ, ಗೌರಿಬಿದನೂರಿನಲ್ಲಿ ಕೂಗಿದೆ, ಪೆನುಕೊಂಡೆಯ ಬೆಟ್ಟ ಕಂಡಾಗ ಕೂಗಿದೆ. ಕಳೆದುಕೊಂಡ ನಿಮಿಷಗಳನ್ನೆಲ್ಲ ಸರ್ ಒಂದೊಂದಾಗಿ ಹೆಕ್ಕಿಕೊಂಡು, ಗಾಡಿಯನ್ನು ಸರಿಯಾದ ಹೊತ್ತಿಗೇ ಧರ್ಮಾವರ ಮುಟ್ಟಿಸಿದರು. ಹೊಸ ಜೋಡಿ ಹತ್ತಿತು. ಗಾಡಿ ತನ್ನ ಪಾಡಿಗೆ ದೆಹಲಿಗೆ ಹೋಯಿತು. ನಾನು ಬೆಂಚಿನ ಮೇಲೆ ಕೂತು ಅತ್ತೆ.

ಮರುದಿನ ಮನೆಗೆ ಬಂದವಳೇ ಅಜ್ಜಿಯ ಮೇಲೆ ಬಿದ್ದೆ. ಬಾಯಿಗೆ ಬಂದ ಹಾಗೆ ಬೈದೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು. ಎಲ್ಲ ಕೇಳಿಸಿಕೊಂಡು ಅವಳು ಹೇಳಿದ್ದು ಇಷ್ಟು: "ಬುಟ್ಟಿ ಇಸ್ಕೊಳ್ಳದೆ ಓಗ್ಬಿಟ್ಯಲ್ಲೇ. ಒಂಚೂರು ನಿಧಾನ ಮಾಡಾಕೆ ಏನಾಗಿತ್ತು?"

"ದಾಟಿದ್ಯಾಕೆ ನೀನು?"

"ನೀನ್ ಕೂತ್ಕೊಳ್ಳೋದು ಆ ಕಡೆ ಅಂದ್ಯಲ್ಲ. ಆ ಕಡೆ ಬರ್ದೆ ಎಂಗೆ ಕೊಡ್ಲಿ?"

"ಗಾಡಿ ಬರೋದು ಕಾಣ್ಲಿಲ್ವಾ?"

"ಕಾಣ್ತು. ನೀನೇ ಇದ್ಯಲ್ಲ ಅದ್ರಾಗೆ. ನಿಲ್ಸ್ತೀಯ ಅಂತ ಗೊತ್ತಿತ್ತು."

ನಾನು ಇಂಜಿನ್ ಹತ್ತಿದ ಮೇಲೆ ನಮ್ಮಜ್ಜಿಗೆ ರೈಲಿನ ಭಯ ಇದ್ದದ್ದೂ ಹೋಗಿತ್ತು. ಮನೆಯ ಹುಡುಗಿಯೇ ಓಡಿಸುವ ಗಾಡಿ ಮನೆಯವರಿಗೆ ಏನು ಮಾಡೀತು ಎಂಬ ಧೈರ್ಯ. ತಾರಸಿಯ ಮೇಲೆ ನಾನು ಅಷ್ಟು ಜಂಭದಿಂದ ಕೂಗಿ ಕೂಗಿ ತುಂಬಿಸಿದ ಧೈರ್ಯ ಅದು.

"ಏಳು, ಚಪ್ಪಲಿ ಹಾಕ್ಕೋ" ಎಂದೆ.

ಹುಣಸೆಮರದ ಬುಡಕ್ಕೆ ಕರೆದುಕೊಂಡು ಹೋದೆ. ಹಳಿಯ ಪಕ್ಕಕ್ಕೆ, ಬೇಲಿಯ ಈಚೆ, ಎತ್ತಿನಗಾಡಿಯ ಹಳೆಯ ದಾರಿ ಇದೆ. "ಸರ್ ಬ್ರೇಕ್ ಎಳೆದದ್ದು ಇಲ್ಲಿ. ಗಾಡಿ ನಿಂತ ಜಾಗಕ್ಕೆ ನಡಿ" ಎಂದೆ. ಅಜ್ಜಿ ನಡೆದಳು. ಸ್ವಲ್ಪ ದೂರ ಹೋಗಿ "ಇಲ್ಲಾ?" ಎಂದಳು. "ಇನ್ನೂ ಮುಂದೆ" ಎಂದೆ. ತಾನು ದಾಟಿದ ಜಾಗ ಬಂದಾಗ ನಿಂತಳು. "ಇದೇ ಅಲ್ವಾ?" "ಇನ್ನೂ ಮುಂದೆ ಅಜ್ಜಿ." ಅಲ್ಲಿಂದ ಅವಳು ಕೇಳುವುದನ್ನು ಬಿಟ್ಟಳು. ಬೇವಿನ ಮರ ಹೋಯಿತು, ಹೊಸ ಅಪಾರ್ಟ್‌ಮೆಂಟಿನ ಉದ್ದನೆಯ ಕಾಂಪೌಂಡು ಪೂರ್ತಿ ಹೋಯಿತು. ಮೂರು ಕಡೆ ಕೂತು ಸುಧಾರಿಸಿಕೊಂಡಳು. ಇಟ್ಟಿಗೆಗೂಡು ಮುಟ್ಟುವ ಹೊತ್ತಿಗೆ ಅರ್ಧ ಗಂಟೆಯ ಮೇಲಾಗಿತ್ತು.

ಒಂದು ಕಲ್ಲಿನ ಮೇಲೆ ಕೂತು ಹಿಂದೆ ನೋಡಿದಳು. ಹುಣಸೆಮರ ಅಲ್ಲಿಂದ ಚಿಕ್ಕದಾಗಿ ಕಾಣುತ್ತಿತ್ತು.

"ಇಷ್ಟ್ ದೂರಾನಾ?"

"ಇಷ್ಟು ದೂರ. ಬ್ರೇಕ್ ಪೂರ್ತಿ ಎಳೆದ ಮೇಲೂ."

"ಅಂಗಾದ್ರೆ ನಿನ್ ಕೈನಾಗೆ ಏನೂ ಇಲ್ವೇನೆ?"

"ಕೂಗೋದು, ಹಾರ್ನ್ ಒತ್ತೋದು, ಬ್ರೇಕ್ ಹಾಕೋದು. ಅದಾದ್ಮೇಲೆ ಏನೂ ಇಲ್ಲ ಅಜ್ಜಿ."

ಅವಳು ನನ್ನ ಕೈಯನ್ನು ತೆಗೆದುಕೊಂಡು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ತುಂಬ ಹೊತ್ತು ಅದನ್ನೇ ನೋಡಿದಳು. "ನಗ್ತಾ ನಿಂತಿದ್ನಲ್ಲೇ ನಾನು" ಎಂದಳು. "ಅದನ್ನ ಬೇರೆ ನೋಡಿದ್ಯಾ ನೀನು?"

"ನೋಡ್ದೆ."

ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅಂದಿನಿಂದ ಅಜ್ಜಿ ಹಳಿ ದಾಟಿಲ್ಲ. ನನಗೆ ರಜೆ ಇದ್ದ ದಿನ ಸ್ಕೂಟರಿನ ಹಿಂದೆ ಕೂತು ಅಂಡರ್‌ಪಾಸಿನಲ್ಲಿ ಹೊಲಕ್ಕೆ ಬರುತ್ತಾಳೆ. ನೀರಿದ್ದರೆ ಕಾಲು ಮೇಲೆತ್ತಿಕೊಂಡು, ಅದನ್ನು ಮಾಡಿದವರ ವಂಶವನ್ನೆಲ್ಲ ನೆನೆಯುತ್ತಾಳೆ. ಅವರೆಕಾಯಿ ಈಗ ಹಿತಕಿದ ಬೇಳೆಯಾಗಿ ನನ್ನ ಡಬ್ಬಿಯಲ್ಲೇ ಇಂಜಿನ್ ಹತ್ತುತ್ತದೆ. ಸರ್ ಪಾಲು ಬೇರೆ ಡಬ್ಬಿಯಲ್ಲಿ.

ಅದಾಗಿ ಎರಡು ವಾರಕ್ಕೆ ಮತ್ತೆ ಅದೇ ಗಾಡಿ, ಅದೇ ಸರ್. ಯಲಹಂಕ ದಾಟಿದಾಗಿನಿಂದಲೇ ನನ್ನ ಕಣ್ಣು ಹಳಿಯ ಮೇಲೆಯೇ ನೆಟ್ಟಿತ್ತು. ಹಳಿ ಖಾಲಿ ಇತ್ತು. ಆಮೇಲೆ ಎಡಕ್ಕೆ, ಬೇಲಿಯ ಆಚೆ, ನೇರಳೆ ಸೀರೆ ಕಂಡಿತು. ಅಜ್ಜಿ ನಮ್ಮನ್ನು ನೋಡುತ್ತಿರಲಿಲ್ಲ. ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಹುಣಸೆಮರದ ಆಚೆಗಿನ ಸಿಗ್ನಲ್ಲನ್ನು ನೋಡುತ್ತಿದ್ದಳು. ಬಲಗೈ ನೆಟ್ಟಗೆ ಮೇಲೆತ್ತಿ, ಬೆರಳು ತೋರಿಸಿ, ಬಾಯಿ ದೊಡ್ಡದಾಗಿ ತೆರೆದು ಏನೋ ಕೂಗಿದಳು. ಗಾಜಿನೊಳಗೆ ಕೇಳಿಸಲಿಲ್ಲ, ಕೇಳಿಸುವ ಅಗತ್ಯವೂ ಇರಲಿಲ್ಲ. "ಅಸ್ರು!"

ಮೊದಲು ಕಂಡವರು ಮೊದಲು ಕೂಗಬೇಕು. ಸರ್ ಅವಳ ಕಡೆಗೆ ಕೈ ಎತ್ತಿ ಗಂಭೀರವಾಗಿ "ಹಸಿರು" ಎಂದರು. ಆಮೇಲೆ ನಾನು ಕೂಗಿದೆ.