ಒಗೆದ್ರೂ ಹೋಗದ ಇಂಕು

ಇಸ್ತ್ರಿಗೆ ಕೋಪ ಬಂದ್ರೆ ಮೊದ್ಲು ಕಿವಿ ಕೆಂಪಾಗುತ್ತೆ, ಆಮೇಲೆ ಬಾಯಿ ತೆಗೀತಾಳೆ. ಅಪ್ಪಂದು ಲಾಂಡ್ರಿ ಅಂಗಡಿ, ಅದಕ್ಕೇ ಕ್ಲಾಸಲ್ಲಿ ಎಲ್ರೂ ಅವ್ಳನ್ನ ಇಸ್ತ್ರಿ ಅನ್ನೋದು. ಹೋದ್ವರ್ಷ ಲಾರಿ ಗುದ್ದಿ ತಲೆಗೆ ಪೆಟ್ಟಾಯ್ತು. ಅವತ್ತಿಂದ, ಮತ್ತೆ ಮತ್ತೆ ಓದಿದ ಪಾಠವೇನೋ ತಲೇಲಿ ನಿಲ್ಲುತ್ತೆ, ಬೆಳಿಗ್ಗೆ ಯಾರು ಏನಂದ್ರು ಅನ್ನೋದು ಮಾತ್ರ ಮಧ್ಯಾಹ್ನಕ್ಕೆ ಮಂಗಮಾಯ. ಯಾರಾದ್ರೂ "ಪಾಪ" ಅಂದ್ರೋ, ಮೈಯೆಲ್ಲ ಉರಿಯುತ್ತೆ ಅವ್ಳಿಗೆ.

ಚೀಟಿ ಬರೆದಿಟ್ರೆ ಚೀಟಿ ಎಲ್ಲಿಟ್ಟೆ ಅನ್ನೋದೇ ಮರೆತೋಗುತ್ತೆ. ಅದಕ್ಕೆ ಎಡಗೈ ಮೇಲೇ ಬರ್ಕೊಳ್ತಾಳೆ. ಪೆನ್ನಿಂದಾದ್ರೆ ಬೆವರಿಗೇ ಅಳಿಸೋಗುತ್ತಲ್ಲ, ಹಂಗಾಗಿ ಅಪ್ಪ ಬಟ್ಟೆಗೆ ಗುರುತು ಹಾಕೋ ಕಪ್ಪು ಇಂಕು.

ಅವತ್ತು ಲೆಕ್ಕದ ಪರೀಕ್ಷೆ. ಇದು ಹೋದ್ರೆ ಕಾಲೇಜೇ ಬಿಡ್ಬೇಕು. ಎರಡನೇ ಲೆಕ್ಕ ಮಾಡ್ತಿದ್ಲು, ಅಂಗಿ ತೋಳು ಸರೀತು ನೋಡಿ, ಮೇಲ್ವಿಚಾರಕರು ಹದ್ದಿನ ಥರ ಎರಗಿದ್ರು.

"ಏನಮ್ಮಾ ಇದು, ಕೈತುಂಬ ಕಾಪಿ?"

"ಸಾರ್, ಅದು..."

"ಮಾತಾಡ್ಬೇಡ! ತೊಳ್ಕೊಂಡು ಬಾ. ಇಲ್ಲಾಂದ್ರೆ ಪೇಪರ್ ಕಿತ್ಕೊಂಡು ಆಚೆ ಕಳಿಸ್ತೀನಿ."

ನಲ್ಲಿ ಹತ್ರ ಸೋಪು ಹಚ್ಚಿ ತಿಕ್ಕಿದ್ಲು. ಚರ್ಮ ಕೆಂಪಾಯ್ತು, ಅಕ್ಷರ ಮಿಸುಕಾಡ್ಲಿಲ್ಲ. ಎಷ್ಟು ಒಗೆದ್ರೂ ಹೋಗ್ಬಾರ್ದು ಅಂತಾನೇ ಮಾಡಿರೋ ಇಂಕು, ಇವ್ರು ಗದರಿದ್ರೆ ಹೋಗುತ್ತಾ?

ವಾಪಸ್ ಬಂದೋಳೇ ಅವ್ರ ಮೂಗಿನ ಮುಂದೆ ಕೈ ಚಾಚಿದ್ಲು. ಕಿವಿ ಕೆಂಡ.

"ಹೋಗಲ್ಲ ಸಾರ್. ಜೋರಾಗಿ ಓದಿ, ಎಲ್ರೂ ಕೇಳ್ಲಿ. ಯಾವ ಲೆಕ್ಕದ ಉತ್ತರ ಇದೆ ಅಂತ ನಂಗೂ ಗೊತ್ತಾಗ್ಲಿ."

ಅವ್ರೂ ಬಿಡ್ಲಿಲ್ಲ, ಕನ್ನಡಕ ಸರಿ ಮಾಡ್ಕೊಂಡು ಶುರು ಹಚ್ಕೊಂಡ್ರು. "ಮೂರನೇ ಮಹಡಿ, ಕಿಟಕಿ ಪಕ್ಕದ ಬೆಂಚು... ಸೋಮವಾರದ ತಿಂಡಿ ಆಯ್ತು, ಮತ್ತೆ ತಿನ್ಬೇಡ..." ಹಿಂದೆ ಯಾರೋ ಕಿಸಕ್ಕಂದ್ರು. "ಅಜ್ಜಿ ತೀರ್ಕೊಂಡ್ರು, ಅಮ್ಮನ್ನ ಮತ್ತೆ..."

ದನಿ ಅಲ್ಲೇ ನಿಂತೋಯ್ತು.

"ನಿಲ್ಲಿಸ್ಬೇಡಿ! 'ಅಮ್ಮನ್ನ ಮತ್ತೆ ಕೇಳ್ಬೇಡ.' ಅಜ್ಜಿ ಎಲ್ಲಿ ಅಂತ ನಾನು ಕೇಳಿದಾಗೆಲ್ಲ ಅಮ್ಮ ಹೊಸದಾಗಿ ಅಳ್ತಾಳೆ. ಇದನ್ನ ನೋಡ್ಕೊಂಡು ಬಡ್ಡಿ ಲೆಕ್ಕ ಮಾಡಕ್ಕಾಗುತ್ತಾ ಸಾರ್?"

ಮೇಲ್ವಿಚಾರಕರು ಕನ್ನಡಕ ತೆಗೆದ್ರು. "ಮೊದ್ಲೇ ಹೇಳ್ಬಾರ್ದಿತ್ತಾ ಮಗು," ಅಂದ್ರು ಮೆತ್ತಗೆ.

"ಮೊಣಕೈ ಹತ್ರ ನೋಡಿ. 'ಕೈ ಮೇಲೆ ಬರೆಯೋದು ಆಫೀಸಲ್ಲಿ ಹೇಳಾಗಿದೆ.' ಮರೆತಿದ್ದು ನಾನಲ್ಲ."

"ಅಯ್ಯೋ ಪಾಪ, ನಂಗೆ ಯಾರೂ..."

"ಪಾಪ ಬೇಡ ಸಾರ್! ಕೈ ತೊಳೆಯೋಕೆ ಹೋದ ಟೈಮ್ ಕೊಡಿ."

ಕೊಟ್ರು. ಬೆಲ್ ಹೊಡೆದು ಎಲ್ರೂ ಎದ್ದೋದ್ಮೇಲೂ ಅವ್ರು ಬಾಗಿಲ ಹತ್ರ ನಿಂತೇ ಇದ್ರು, ಇವ್ಳು ಕೊನೆ ಲೆಕ್ಕ ಮುಗಿಸಿ ಪೇಪರ್ ಕೊಟ್ಟು ಬಂದ್ಲು. ಥ್ಯಾಂಕ್ಸ್ ಅನ್ಲಿಲ್ಲ. ಯಾಕನ್ಬೇಕು?

ದಾರಿಯುದ್ದಕ್ಕೂ ಒಂದೇ ಉರಿ. ಸಾಯಂಕಾಲಕ್ಕೆ ಇದೂ ಮರೆತೋಗುತ್ತೆ! ನಾಳೆ ಯಾರೋ ಬಂದು, ನೀನು ಕಾಪಿ ಹೊಡೀತಿದ್ದೆ ಅಂದ್ರೆ? ಇರ್ಬೋದೇನೋ ಅಂತ ತಾನೇ ನಂಬಿಬಿಟ್ರೆ?

ಸೀದಾ ಅಂಗಡಿಗೆ ನುಗ್ಗಿದ್ಲು. "ಅಪ್ಪಾ, ಇಂಕು ತಗೊ."

"ಬಂದ್ಯಾ ತಾಯಿ? ಪರೀಕ್ಷೆ ಹೆಂಗಾಯ್ತು?"

"ಆಮೇಲೆ ಹೇಳ್ತೀನಿ. ಮೊದ್ಲು ಬರಿ." ಅಂಗಿ ತೋಳು ಮಡಿಸಿ ಬಲಗೈನ ಇಸ್ತ್ರಿ ಮಾಡೋ ಟೇಬಲ್ ಮೇಲಿಟ್ಲು. "ದೊಡ್ಡದಾಗಿ. 'ನಾನು ಕಾಪಿ ಮಾಡ್ಲಿಲ್ಲ. ಪರೀಕ್ಷೆ ಸಾರೇ ಓದಿ ನೋಡಿದ್ರು.'"