ಭಜನೆಗೆ ಕೂತ ಕೀಬೋರ್ಡು

ಆ ಶನಿವಾರ ಆದದ್ದು ಇಷ್ಟೇ: ಮೊಮ್ಮಗಳು ತಪ್ಪು ನುಡಿಸಲಿಲ್ಲ, ಕೀಬೋರ್ಡೂ ಕೆಟ್ಟಿರಲಿಲ್ಲ. ನಮ್ಮವರು ಹಾಡುವ ಹಾಗೆ ನಡೆಯಲು ಆ ಡಬ್ಬಿಗೆ ಬರಲಿಲ್ಲ. ಮಂದಿ ಏನೇನೋ ಹೇಳಿದರು. ನಾನು ಮುಂದೆಯೇ ಕೂತಿದ್ದೆ, ನೋಡಿದ್ದೇನೆ.

ನಾವು ಗೋವಾದ ಕೊರ್ತಾಲಿಮ್‌ನಲ್ಲಿ ಬಾಡಿಗೆ ಖೋಲಿಯಲ್ಲಿರುವವರು. ನಾನು ಬೀಚಿನಲ್ಲಿ ಮಣಿಸರ ಮಾರುತ್ತೇನೆ, ಮಗ ಗೌಂಡಿ ಕೆಲಸಕ್ಕೆ ಹೋಗುತ್ತಾನೆ. ಸೊಸೆ ಕೆಲಸ ಮಾಡುವ ಮನೆಯವರು ತಮ್ಮ ಮಕ್ಕಳ ಹಳೆಯ ಕೀಬೋರ್ಡು ಕೊಟ್ಟಿದ್ದರು. ಹಗುರ, ಕಂಕುಳಲ್ಲಿ ಹಿಡಿದುಕೊಂಡು ಹೋಗಬಹುದು. ಕರೆಂಟು ಹೋದರೆ ಸೆಲ್ಲಿನ ಮೇಲೆ ನಡೆಯುತ್ತದೆ. ಹಾರ್ಮೋನಿಯಂ ಪೇಟಿಯ ಹಾಗೆ ಒಂದು ಕೈಯಲ್ಲಿ ಗಾಳಿ ಹಾಕಬೇಕಿಲ್ಲ. ಒಂದು ಗುಂಡಿ ಒತ್ತಿದರೆ ತಬಲಾ ಬಡಿದ ಹಾಗೆ ತಾಳ ತಾನೇ ಶುರುವಾಗುತ್ತದೆ. ಕಿವಿಗೆ ಹಾಕಿಕೊಳ್ಳುವ ವೈರೂ ಇತ್ತು. ನನಗೆ ಹಿಡಿಸಿದ್ದು ಅದೊಂದೇ. ದಿನವೆಲ್ಲ ಉಸುಕಿನಲ್ಲಿ ನಡೆದು ಬಂದ ಮೇಲೆ ಮನೆಯಲ್ಲಿ ಸದ್ದು ಯಾರಿಗೆ ಬೇಕು? ಹುಡುಗಿ ಮೂಲೆಯಲ್ಲಿ ಕೂತು, ವೈರು ಸಿಕ್ಕಿಸಿಕೊಂಡು, ತಾಳದ ಗುಂಡಿ ಒತ್ತಿ ಭಜನೆಯ ಪದಗಳನ್ನು ಕಲಿತಳು. ಬೆರಳು ಓಡುವುದು ನಮಗೆ ಕಾಣುತ್ತಿತ್ತು, ಪದ ಕೇಳುತ್ತಿರಲಿಲ್ಲ.

ನಮ್ಮ ಓಣಿಯ ಭಜನೆಯಲ್ಲಿ ಪೇಟಿ ಬಾರಿಸುತ್ತಿದ್ದವರು ಊರಿಗೆ ಹೋಗಿಬಿಟ್ಟರು. ಹುಡುಗಿಗೆ ಆ ಜಾಗ ಬೇಕಾಗಿತ್ತು. ಅಲ್ಲಿ ಅದುವರೆಗೆ ಹೆಣ್ಣುಮಕ್ಕಳು ಕೂತಿರಲಿಲ್ಲ. ಮುಂದೆ ನಿಂತು ಭಜನೆ ಹಾಡಿಸುವ ಹಿರಿಯರು, "ನೋಡೂಣು ತಗೋರಿ. ಸರಿ ಹೋಗ್ಲಿಲ್ಲಂದ್ರ ಮಡಗಾಂವದಿಂದ ಒಬ್ಬಾವ್ನ ಕರಸ್ತೀನಿ" ಅಂದರು.

ನಮ್ಮವರ ಭಜನೆ ಮೆಲ್ಲಗೆ ಏಳುತ್ತದೆ. ಹಿರಿಯರಿಗೆ ಒಂದು ಮಾತು ಹಿಡಿಸಿದರೆ ಅದನ್ನೇ ಎಳೆಯುತ್ತಾರೆ, ನಡುವೆ ಕೆಮ್ಮುತ್ತಾರೆ, ಕೊನೆಗೆ ಎಲ್ಲರೂ ಕೂಡಿ ಓಡುತ್ತಾರೆ. ಆ ಶನಿವಾರ ಡಬ್ಬಿಯ ತಾಳ ಇದಾವುದನ್ನೂ ಲೆಕ್ಕಕ್ಕೆ ಹಿಡಿಯಲಿಲ್ಲ. ಹುಡುಗಿ ಅದರ ಜೊತೆ ಹೋದಳು, ಮಂದಿ ಹಿಂದುಳಿದರು.

ಹಿರಿಯರು ಕೈ ಎತ್ತಿ ಹಾಡು ನಿಲ್ಲಿಸಿದರು. "ಯಕ್ಕಾ, ನಿಮ್ಮ ಮೊಮ್ಮಗಳಿಗೆ ಹೇಳ್ರಿ! ನಾವಿನ್ನೂ ಮೊದಲ್ನೇ ನುಡಿಯಾಗ ಅದೀವಿ, ಅಕಿ ಮಂಗಳಾರತಿಗೆ ಹೊಂಟಾಳ!"

ಎಲ್ಲರೂ ನಕ್ಕರು.

"ಅಕಿ ಸರಿ ಅದಾಳ್ರಿ," ಎಂದೆ. "ನೀವು ಯಾವಾಗ ಕೆಮ್ಮತೀರಿ ಅಂತ ಆ ಡಬ್ಬಿಗೆ ಯಾರು ಹೇಳಬೇಕು?"

"ಹಂಗಾರ ಹೇಳಿ ಕರ್ಕೊಂಡು ಬರ್ರಿ. ಮುಂದಿನ ಶನಿವಾರ ಕಡೇದು ನೋಡ್ರಿ ಮತ್ತ."

ದಾರಿಯಲ್ಲಿ ಹುಡುಗಿ ಅತ್ತಳು. ಸಮಾಧಾನ ಮಾಡುವ ಶಕ್ತಿ ನನ್ನಲ್ಲಿರಲಿಲ್ಲ, ಕಾಲು ಬಾತಿದ್ದವು.

"ಆಯಿ, ನಾ ಇನ್ನ ಬರಂಗಿಲ್ಲ. ಮಾರಿಬಿಡು ಅದನ್ನ."

"ಮಾರೂದು ನನಗ ಕಲಸಬ್ಯಾಡ. ದಿನಾ ಅದನ್ನ ಮಾಡ್ತೀನಿ. ಸುಮ್ನ ನಡಿ."

ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯಲು ಕೂತವಳು ಅವಳನ್ನು ಎಬ್ಬಿಸಿದೆ. ಕೀಬೋರ್ಡನ್ನು ಎದುರಿಗೆ ಇಡಿಸಿ, ವೈರು ಕಿತ್ತು ಗೂಟಕ್ಕೆ ಹಾಕಿದೆ. ತಾಳದ ಗುಂಡಿ ಮುಟ್ಟಬೇಡ ಎಂದೆ. ಮಗ ಮಗ್ಗುಲು ಬದಲಿಸಿ ಗೊಣಗಿದ, ಗೊಣಗಲಿ. ನನ್ನ ಗಂಟಲು ಕಾಗೆಯದು, ಆದರೂ ಮೊದಲ ನುಡಿ ಎತ್ತಿದೆ. ರೊಟ್ಟಿ ಹಂಚಿಗೆ ಹಾಕುವಾಗ ಹಾಡು ನಿಂತಿತು. ಅವಳ ಬೆರಳು ಮುಂದೆ ಹೋಗಿಬಿಟ್ಟವು.

"ನಿಂದ್ರ. ನಾ ಬರೂತನ ಅಲ್ಲೇ ಇರು" ಎಂದು ರೊಟ್ಟಿ ತಿರುವಿ ಹಾಕಿ, ಅದೇ ಮಾತನ್ನು ಮತ್ತೆ ಎತ್ತಿಕೊಂಡೆ.